ಹನ್ನೊಂದು ಒಲೆಯ ಎಣ್ಣೆಬಾವಿ

ಕೋಲುಮಾವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಒಮ್ಮೊಮ್ಮೆ ಅದನ್ನ ಓದಿ ಅವನೇ "ಯಾರಪ್ಪ ಇವನು?" ಅಂತ ಕೇಳ್ತಿದ್ದ. ಗಲ್ಲಿಯ ದೊಡ್ಡವರಿಗೂ ಚಿಕ್ಕವರಿಗೂ ಅವನು ಕೋಲುಮಾವ. ಯಾಕಂದ್ರೆ ಕೈಯಲ್ಲಿ ಯಾವಾಗಲೂ ಒಂದು ಕೋಲು. ಆಳುದ್ದದ ಮರದ ಕೋಲು, ಎಣ್ಣೆ ಕುಡಿದು ಕುಡಿದು ಕಪ್ಪಗೆ ಮಿರಮಿರ ಮಿಂಚ್ತಿತ್ತು, ಬೆರಳಗಲಕ್ಕೊಂದು ಗೀರು. ಎಣ್ಣೆ ಇಲಾಖೆಯಲ್ಲಿ ಅವನ ಕೆಲಸ ಅಂದ್ರೆ ಅಷ್ಟೇ. ನೆಲದಿಂದ ಬಂದ ಎಣ್ಣೆ ತುಂಬೋ ಟ್ಯಾಂಕಿನ ಏಣಿ ಹತ್ತೋದು, ಮುಚ್ಚಳ ತೆಗೆಯೋದು, ಕೋಲು ಇಳಿಸೋದು, ಎಲ್ಲೀವರೆಗೆ ಒದ್ದೆಯಾಗಿದೆ ಅಂತ ನೋಡೋದು. ನಾಲ್ಕು ಗೀರು ಒದ್ದೆಯಾದ್ರೆ ಒಂದು ಪೀಪಾಯಿ. ಮೂವತ್ತೆಂಟು ವರ್ಷ ಇದನ್ನೇ ಮಾಡಿದ್ದ. ಇನ್ನೆರಡು ವರ್ಷ ಮಾಡಿದ್ರೆ ಪಿಂಚಣಿ.

ಅಷ್ಟು ವರ್ಷ ಅಳೆದ ಕೈ ಮನೆಗೆ ಬಂದ್ರೆ ಸುಮ್ಮನಿರುತ್ತಾ? ಹಾಲಿನ ಪಾತ್ರೆಗೆ ಚಮಚದ ಹಿಡಿ ಇಳಿಸಿ "ನಿನ್ನೆಗಿಂತ ಅರ್ಧ ಗೀರು ಕಮ್ಮಿ, ಬೆಕ್ಕು ಬಂದಿತ್ತಾ?" ಅಂತಿದ್ದ. ಸ್ನಾನದ ಬಕೆಟ್ಟಿಗೂ ಕೋಲು, ಪಕ್ಕದ ಮನೆಯವರ ಮಳೆನೀರಿನ ತೊಟ್ಟಿಗೂ ಕೋಲು. ಮದುವೆಗೆ ಮುಂಚೆ ಹೆಂಡತಿಯ ತವರಿಗೆ ಮೊದಲ ಸಲ ಹೋದಾಗ ಅವರು ಟೀ ಕೊಟ್ಟರು. ಇವನು ಜೇಬಿನಿಂದ ಬೆಂಕಿಕಡ್ಡಿ ತೆಗೆದು ಲೋಟಕ್ಕೆ ಇಳಿಸಿ, ಎತ್ತಿ, ಬೆಳಕಿಗೆ ಹಿಡಿದು, "ಮುಕ್ಕಾಲು" ಅಂದ. ಆಗಬೇಕಾಗಿದ್ದ ಮಾವನ ಮುಖ ಸುಟ್ಟ ಬದನೆಕಾಯಿ ಥರ ಆಯ್ತು. ಬಾಗಿಲ ಹಿಂದೆ ನಿಂತಿದ್ದ ಹುಡುಗಿ ಮಾತ್ರ ಕಿಸಕ್ಕನೆ ನಕ್ಕಳು. ಆ ನಗುವಿಗೇ ಮದುವೆ ಗಟ್ಟಿಯಾಯ್ತು. ಈಗ ಅವಳು ಗಲ್ಲಿಗೆಲ್ಲ ಅತ್ತೆ. "ಆವತ್ತು ಒಂದು ನಗು ತಡ್ಕೊಂಡಿದ್ರೆ ಇವತ್ತು ಆರಾಮಾಗಿರ್ತಿದ್ದೆ" ಅಂತ ವಾರಕ್ಕೆ ಎರಡು ಸಲ ಹೇಳ್ತಾಳೆ.

ಅವಳಿಗೊಬ್ಬಳು ಸವತಿ ಇದ್ದಳು. ಅದೇ ಒಂಬತ್ತನೇ ನಂಬರಿನ ಬಾವಿ, ಬಾವಿಯ ಮೇಲೆ ಕೂತ ಪಂಪು. ಕಬ್ಬಿಣದ ದೊಡ್ಡ ತಲೆ, ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ, ನಿಮಿಷಕ್ಕೆ ಎಂಟು ಸಲ, ಕುಯ್ಯೋ ಅಂತ. ಕೋಲುಮಾವ ಅದನ್ನ "ಮುದುಕಿ" ಅಂತಿದ್ದ. ಮುದುಕಿಗೆ ಬೆಳಗ್ಗೆ ಆರಕ್ಕೆ ಕೆಲಸ ಶುರು, ಸಂಜೆ ಆರಕ್ಕೆ ಮುಗಿಯೋದು. ರಾತ್ರಿ ಮಲಗೋದು, ನೆಲದೊಳಗಿನ ಎಣ್ಣೆ ಮತ್ತೆ ಬಾವಿಗೆ ಬಸಿದು ಬರಲಿ ಅಂತ. ಬೆಳಗ್ಗೆ ಹಲ್ಲುಜ್ಜೋ ಮುಂಚೆ ಇವನು ಹೋಗಿ, ಕೋಲಿನ ಒಂದು ತುದಿ ಬಾವಿಯ ಕೊಳವೆಗೆ, ಇನ್ನೊಂದು ತುದಿ ತನ್ನ ಕಿವಿಗೆ ಇಟ್ಟು ಕಣ್ಣು ಮುಚ್ಚಿ ಕೇಳ್ತಿದ್ದ.

"ನನಗೆ ಜ್ವರ ಬಂದ್ರೆ ಹಣೆ ಮುಟ್ಟಿ ನೋಡಲ್ಲ, ಅವಳ ಎದೆಬಡಿತ ಮಾತ್ರ ದಿನಾ ಕೇಳ್ಬೇಕು" ಅಂತ ಅತ್ತೆ ಅಡುಗೆಮನೆಯಿಂದ ಕೂಗ್ತಿದ್ದಳು.

"ನಿನ್ನದು ಕೋಲಿಲ್ದೇ ಕೇಳ್ಸುತ್ತಲ್ಲೇ" ಅಂತ ಇವನು.

ಈ ಬಾವಿ ಮೊದಲ ಸಲ ಬಾಯಿ ತೆರೆದಾಗ ಎಣ್ಣೆ ಎಷ್ಟು ಎತ್ತರಕ್ಕೆ ಚಿಮ್ಮಿತು ಅಂದ್ರೆ, ಆಕಾಶದಲ್ಲಿ ಹೋಗ್ತಿದ್ದ ಬಿಳಿ ಕೊಕ್ಕರೆಗಳ ಸಾಲು ಆಚೆ ಕಡೆಯಿಂದ ಕಾಗೆಗಳ ಸಾಲಾಗಿ ಹೊರಬಂತಂತೆ. ಇದನ್ನ ಹೇಳಿದವರು ಸುಳ್ಳು ಹೇಳೋ ಪೈಕಿ ಅಲ್ಲ, ಒಂದೆರಡು ಕೊಕ್ಕರೆ ಜಾಸ್ತಿ ಸೇರಿಸಿರಬಹುದು. ಆ ಕಾಲದಲ್ಲಿ ದಿನಕ್ಕೆ ಮುನ್ನೂರು ಪೀಪಾಯಿ. ಕೋಲುಮಾವನ ತಲೆ ನರೆಯೋ ಹೊತ್ತಿಗೆ ಐದೂಕಾಲು.

ಸರ್ಕಾರಗಳು ಬಂದವು, ಹೋದವು. ಒಂದು ಸರ್ಕಾರ "ನಮ್ಮ ನೆಲದ ಎಣ್ಣೆ ನಮಗೇ ಸಾಕು, ತೆಗೀರಿ ತೆಗೀರಿ" ಅಂತು, ಪಂಪಿಗೆ ಹಸಿರು ಬಣ್ಣ ಬಳಿಸ್ತು. ಮುಂದಿನದು "ಯಾಕೆ ಇಷ್ಟು ಒದ್ದಾಟ? ಹಡಗಲ್ಲಿ ತರಿಸೋದೇ ಅಗ್ಗ" ಅಂತು, ಬೂದಿ ಬಣ್ಣ ಬಳಿಸ್ತು. ಮೂರನೇದು "ಇನ್ಮೇಲೆ ಎಲ್ಲ ಬಿಸಿಲು, ಎಲ್ಲ ಗಾಳಿ" ಅಂತ ಮುದುಕಿಯ ಹಣೆ ಮೇಲೆ ಒಂದು ನಗೋ ಸೂರ್ಯನ ಚಿತ್ರ ಬರೆಸಿ ಹೋಯ್ತು. ಯಾರು ಏನೇ ಹೇಳಿದ್ರೂ ಮುದುಕಿಯದು ಒಂದೇ ಉತ್ತರ, ತಲೆ ಮೇಲೆ ಕೆಳಗೆ, ಹೂಂ, ಹೂಂ. ಕೊನೆಕೊನೆಗೆ ಆ ಪಂಪು ನಿಂತಿದ್ದು ಕಬ್ಬಿಣದ ಮೇಲಲ್ಲ, ಬಣ್ಣದ ಪದರಗಳ ಮೇಲೆ. ಒಂದು ಸಲ ಕೋಲುಮಾವ ಉಗುರಲ್ಲಿ ಕೆರೆದು ನೋಡಿದ. ನಾಲ್ಕು ಸರ್ಕಾರ ದಾಟಿದ ಮೇಲೆ ತುಕ್ಕು ಸಿಕ್ತು.

ಈಗ ಗ್ಯಾಸಿನ ವಿಷಯ. ಅದು ಗೊತ್ತಿಲ್ದೇ ಹೋದ್ರೆ ಮುಂದಿನದ್ದು ತಿಳಿಯಲ್ಲ. ಬಾವಿಯ ಬಾಯಲ್ಲಿ ಎರಡು ಕೊಳವೆ, ಒಂದರ ಹೊಟ್ಟೆಯೊಳಗೆ ಇನ್ನೊಂದು. ಒಳಗಿನದರಲ್ಲಿ ಎಣ್ಣೆ ಬರುತ್ತೆ. ಎರಡರ ನಡುವಿನ ಸಂದಿಯಲ್ಲಿ ಗ್ಯಾಸು ಬರುತ್ತೆ. ಹಿಂದೆ ಒಬ್ಬ ಮೇಸ್ತ್ರಿ ಇದ್ದ. ಅವನ ಹೆಂಡತಿಗೆ ಸೌದೆಯ ಹೊಗೆಗೆ ಕಣ್ಣು ಉರೀತಿತ್ತು. ಅವನು ಆ ಸಂದಿಯಿಂದ ಒಂದು ಪೈಪು ಎಳೆದು ತನ್ನ ಮನೆ ಒಲೆಗೆ ಕೊಟ್ಟ. ಅಕ್ಕಪಕ್ಕದವರು ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿದ್ರು, ಆಮೇಲೆ ಅವರೂ ಎಳೆದ್ರು. ಹೀಗೆ ಇಲಾಖೆಯ ಕ್ವಾರ್ಟರ್ಸ್ ಗಲ್ಲಿಯ ಹನ್ನೊಂದು ಮನೆಯ ಹನ್ನೊಂದು ಒಲೆಯೂ ಒಂಬತ್ತನೇ ನಂಬರಿನ ಬಾವಿಯ ಉಸಿರಿನಲ್ಲೇ ಉರೀತಿದ್ದವು. ಗಲ್ಲಿಯ ತುದಿಯಲ್ಲಿ ಒಂದೇ ಒಂದು ದೊಡ್ಡ ಚಕ್ರದ ನಲ್ಲಿ, ಅದನ್ನ ತಿರುಗಿಸಿದ್ರೆ ಎಲ್ಲ ಒಲೆಯೂ ಬಂದ್. ಅಪ್ಪಣೆ ಕೊಟ್ಟೋರು ಯಾರು ಅಂದ್ರೆ ಮೇಸ್ತ್ರಿ. ಕಾಗದ ಎಲ್ಲಿ ಅಂದ್ರೆ ಮೇಸ್ತ್ರಿಯ ಬಾಯಲ್ಲಿತ್ತು, ಅವನ ಜೊತೇಲೇ ಹೋಯ್ತು. ಇಲಾಖೆಗೆ ಆ ಗಲ್ಲಿ ಇರೋದೇ ಮರೆತುಹೋಗಿತ್ತು. ಅಲ್ಲಿ ಇದ್ದವರೆಲ್ಲ ನಿವೃತ್ತರು, ಗುತ್ತಿಗೆಯವರು. ಇಲಾಖೆಯ ಸಂಬಳ ತಗೊಳ್ಳೋ ಖಾಯಂ ನೌಕರ ಅಂದ್ರೆ ಕೋಲುಮಾವ ಒಬ್ಬನೇ.

ಹೀಗಿರುವಾಗ ಹೊಸ ಸರ್ಕಾರ ಬಂತು. ಹೊಸ ಇಂಧನ ನೀತಿಯೂ ಬಂತು.

ಸುತ್ತೋಲೆ ಓದೋದು ಟೀಚರಮ್ಮನ ಹಕ್ಕು. ನಾಲ್ಕನೇ ಮನೆಯ ನಿವೃತ್ತ ಮೇಷ್ಟ್ರಮ್ಮ, ಬಟ್ಟೆ ಒಗೆಯೋ ಕಲ್ಲಿನ ಮೇಲೆ ನಿಂತು, ಕನ್ನಡಕ ಮೂಗಿನ ತುದಿಗಿಳಿಸಿ, ಗಲ್ಲಿಯೆಲ್ಲ ಒಂದನೇ ಕ್ಲಾಸು ಅನ್ನೋ ಹಾಗೆ ಓದಿದ್ರು. "ದೇಶದ ಎಣ್ಣೆ ಉತ್ಪಾದನೆ ಹೆಚ್ಚಿಸುವ ಸಲುವಾಗಿ, ದಿನಕ್ಕೆ ಐದು ಪೀಪಾಯಿಗಿಂತ ಕಡಿಮೆ ಕೊಡುವ ಬಾವಿಗಳನ್ನು ಸಿಮೆಂಟು ತುಂಬಿ ಮುಚ್ಚತಕ್ಕದ್ದು."

"ಹೆಚ್ಚಿಸೋಕೆ ಮುಚ್ಚೋದಾ?" ಅಂದಳು ಅತ್ತೆ.

"ಪ್ರಶ್ನೆ ಕೊನೆಗೆ" ಅಂದ್ರು ಟೀಚರಮ್ಮ. "ಮೂರು ದಿನ ಪರೀಕ್ಷೆ. ಮೂರೂ ದಿನ ಸೇರಿ ಹದಿನೈದು ಪೀಪಾಯಿ ಬರಬೇಕು. ಮುಚ್ಚಿದ ಬಾವಿಯ ಸಿಬ್ಬಂದಿಯನ್ನು ಬಂದರಿಗೆ ವರ್ಗ ಮಾಡಲಾಗುವುದು, ಹಡಗಿನಲ್ಲಿ ಬರುವ ಎಣ್ಣೆ ಅಳೆಯಲಿಕ್ಕೆ. ಕ್ವಾರ್ಟರ್ಸ್ ತೆರವುಗೊಳಿಸತಕ್ಕದ್ದು. ಬಾವಿಯ ಗ್ಯಾಸನ್ನು ವ್ಯರ್ಥ ಮಾಡುವುದು, ದುರುಪಯೋಗ ಮಾಡುವುದು ಶಿಕ್ಷಾರ್ಹ. ಈಗ ಪ್ರಶ್ನೆ ಕೇಳಿ."

ಎಲ್ಲರೂ ತಿರುಗಿ ಕೋಲುಮಾವನ ಮುಖ ನೋಡಿದ್ರು. ಅವನು ಕೋಲನ್ನ ನೆಲಕ್ಕೆ ಕುಟ್ಟಿದ. "ನಮ್ಮ ಮುದುಕಿ ಐದೂಕಾಲು ಕೊಡ್ತಾಳೆ. ಇವರ ಐದು ಯಾವ ಲೆಕ್ಕ? ಕಾಲು ಪೀಪಾಯಿ ಸರ್ಕಾರಕ್ಕೆ ಬಿಟ್ಟಿ ಕೊಡ್ತೀನಿ, ಹೋಗಿ ಹೇಳಿ."

ಹೇಳೋದೇನೋ ಹೇಳಿದ. ಆದ್ರೆ ಬಂದರಿನ ಮಾತು ತಲೆಯಿಂದ ಹೋಗಲಿಲ್ಲ. ಬಂದರಿನಲ್ಲಿ ಹಡಗು ಬರುತ್ತೆ, ಎಣ್ಣೆ ಸುರಿಯುತ್ತೆ, ಹೋಗುತ್ತೆ. ಕಿವಿಯಿಟ್ಟು ಕೇಳೋಕೆ ಅಲ್ಲಿ ಏನಿದೆ? ಮೂವತ್ತೆಂಟು ವರ್ಷ ಕೇಳಿದ ಎದೆಬಡಿತದ ಮೇಲೆ ಯಾರೋ ಸಿಮೆಂಟು ಸುರಿಯೋದು, ಇವನು ದೂರದಲ್ಲೆಲ್ಲೋ ಪರದೇಶದ ಎಣ್ಣೆಗೆ ಕೋಲು ಅದ್ದುತ್ತಾ ನಿಲ್ಲೋದು. ಅದನ್ನ ನೆನೆಸಿಕೊಂಡು ಎರಡು ದಿನ ಹಾಲು ಅಳೆಯೋದನ್ನೇ ಮರೆತ. ಅತ್ತೆಗೆ ಆಗಲೇ ಗಾಬರಿಯಾಗಿದ್ದು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಟ್ಯಾಂಕರ್ ಭಾವ ಬಂದ. ಕೋಲುಮಾವನ ಅಕ್ಕನ ಗಂಡ, ದಿನಾ ರಾತ್ರಿ ಟ್ಯಾಂಕಿನ ಎಣ್ಣೆ ಖಾಲಿ ಮಾಡ್ಕೊಂಡು ಹೋಗೋ ಗುತ್ತಿಗೆಯ ಟ್ಯಾಂಕರ್ ಲಾರಿ ಓಡಿಸ್ತಾನೆ, ಮೂರನೇ ಮನೆ. ಪ್ರಪಂಚದ ಎಲ್ಲ ವಿಷಯದಲ್ಲೂ ಬುದ್ಧಿ ಹೇಳ್ತಾನೆ, ತನ್ನ ಲಾರಿಯ ಬ್ರೇಕಿನದೊಂದು ಬಿಟ್ಟು.

"ಏನೋ ಬಾಮೈದ, ತಲೆ ಮೇಲೆ ಕೈ ಹೊತ್ಕೊಂಡು ಕೂತ್ರೆ ಆಯ್ತಾ? ಗ್ಯಾಸಿನ ಕಥೆ ಏನು ಮಾಡ್ದೆ?"

"ಏನು ಮಾಡ್ಬೇಕು ಭಾವ?"

"ಬರೋ ಇಂಜಿನಿಯರು ನಮ್ಮ ಒಲೆ ನೋಡಿದ್ರೆ? ಶಿಕ್ಷಾರ್ಹ ಅಂತ ಓದಿದ್ದು ಕೇಳಿಸ್ಲಿಲ್ವಾ? ಹನ್ನೊಂದು ಮನೆಯೂ ಕಂಬಿ ಎಣಿಸ್ಬೇಕಾಗುತ್ತೆ. ಮೂರು ದಿನ ನಲ್ಲಿ ಬಂದ್ ಮಾಡು. ಪೈಪಿನ ಮೇಲೆ ಬಟ್ಟೆ ಒಣಗಹಾಕ್ಸು. ಯಾರೂ ಒಲೆ ಹಚ್ಚಬಾರದು. ಬ್ರೆಡ್ಡು, ಬಾಳೆಹಣ್ಣು, ಮುಗೀತು."

ಮಾತು ಸರಿ ಅನ್ನಿಸ್ತು. ಸಂಜೆಯೇ ನಲ್ಲಿ ತಿರುಗಿಸಿದ್ರು. ಹನ್ನೊಂದು ಒಲೆಯೂ ಪುಸ್ಸಂತ ಆರಿದವು. ಪೈಪಿನ ಉದ್ದಕ್ಕೂ ಸೀರೆ, ಪಂಚೆ, ಹೊದಿಕೆ. ಇಂಜಿನಿಯರ್ ಬಂದು ನೋಡಿದ್ರೆ ಇದು ಬಡ ಗಲ್ಲಿ ಅಲ್ಲ, ಭಾರೀ ಶುಚಿಯ ಗಲ್ಲಿ ಅನ್ಕೋಬೇಕು, ಹಾಗಿತ್ತು.

ಬಂದಿದ್ದು ಒಬ್ಬರು ಮೇಡಂ. ಇಪ್ಪತ್ತಾರು ಇಪ್ಪತ್ತೇಳು ವಯಸ್ಸಿರಬೇಕು. ತಲೆಗಿಂತ ಹೆಲ್ಮೆಟ್ಟು ದೊಡ್ಡದು, ನಡೆದಾಗ ಹೆಲ್ಮೆಟ್ಟು ಒಂದು ಹೆಜ್ಜೆ ತಡವಾಗಿ ತಿರುಗ್ತಿತ್ತು. ಕೈಯಲ್ಲಿ ಉಪಕರಣಗಳ ಪೆಟ್ಟಿಗೆ, ಹೆಗಲ ಚೀಲದಲ್ಲಿ ಬಿಸ್ಕತ್ತಿನ ಪೊಟ್ಟಣಗಳು. ಟ್ಯಾಂಕಿನ ಪಕ್ಕ ಮಡಚೋ ಕುರ್ಚಿ ಹಾಕ್ಕೊಂಡು ಕೂತ್ರು. "ಯಜಮಾನ್ರೇ, ನಿಮ್ಮ ಕೋಲಿನಲ್ಲೇ ಅಳೀರಿ. ನನ್ನ ಮೆಷಿನ್ನಲ್ಲೂ ನೋಡ್ತೀನಿ" ಅಂದ್ರು.

ಮೊದಲ ದಿನ ಸಂಜೆ ಆರಕ್ಕೆ ಕೋಲು ಇಳಿಸಿದ. ಎತ್ತಿದ. ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ಇಳಿಸಿದ. ಹದಿನಾರು ಗೀರು, ಅಂದ್ರೆ ನಾಲ್ಕು ಪೀಪಾಯಿ. ಮೇಡಂ ಮೆಷಿನ್ನು ನೋಡಿ "ನಾಲ್ಕು" ಅಂದ್ರು.

"ಕೋಲಿಗೆ ಏನೋ ಆಗಿರ್ಬೇಕು" ಅಂದ ಕೋಲುಮಾವ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಕೋಲಿನ ಮೇಲೆ ತಪ್ಪು ಹೊರಿಸಿದ್ದ, ಪಾಪ.

ಎರಡನೇ ದಿನ ಮೂರೇ ಮೂರು.

ಮಧ್ಯೆ ಅವನು ಮಾಡದೇ ಇದ್ದ ಉಪಚಾರ ಇಲ್ಲ. ಮುದುಕಿಯ ಕೀಲುಗಳಿಗೆಲ್ಲ ಗ್ರೀಸು ತಿಕ್ಕಿದ, ಬೆಲ್ಟು ಬಿಗಿ ಮಾಡಿದ. ಯಾರೂ ನೋಡದಾಗ ಹತ್ತಿರ ಹೋಗಿ "ಏನಮ್ಮಾ ಇದು, ಹೊರಗಿನವರ ಮುಂದೆ ಮಾನ ಕಳೀತೀಯಾ?" ಅಂತ ಕೇಳಿದ. ಕೋಲು ಇಟ್ಟು ಕಿವಿಗೊಟ್ರೆ ಟಕ್ ಟಕ್ ಅನ್ನಬೇಕಾದ ಜಾಗದಲ್ಲಿ ಗುಡುಗುಡು, ಗುಳುಗುಳು. ಅವಳು ಹಿಂದೆ ಯಾವತ್ತೂ ಹೀಗೆ ಮಾತಾಡಿರಲಿಲ್ಲ.

ಸಂಜೆ ಮನೆಗೆ ಬಂದು ಹೊಸ್ತಿಲ ಮೇಲೆ ಕುಸಿದು ಕೂತ. ಅತ್ತೆ ಒಣ ಬ್ರೆಡ್ಡಿನ ತಟ್ಟೆ ಮುಂದಿಟ್ಟಳು. ಇವನು ಅದನ್ನ ದೂರ ತಳ್ಳಿದ. "ಏಳು ಆಯ್ತು. ನಾಳೆ ಒಂದೇ ದಿನ ಎಂಟು ಬರ್ಬೇಕು. ಎಂಟು! ನನ್ನ ತಲೆ ನರೆತ ಮೇಲೆ ಎಂಟು ಕಂಡಿದ್ದೇ ಇಲ್ಲ. ಮುಗೀತು ಕಣೇ. ಪೆಟ್ಟಿಗೆ ಕಟ್ಟು, ಬಂದರಿಗೆ ಹೋಗೋಣ."

"ಹೇಗೆ ಶಬ್ದ ಮಾಡ್ತಿದಾಳೆ ಅವಳು?"

"ಗುಡುಗುಡು ಅಂತ."

ಅಷ್ಟರಲ್ಲಿ ಕೋಲುಮಾವನ ಹೊಟ್ಟೆಯೇ ಗುಡುಗುಡು ಅಂತು. ಎರಡು ದಿನದ ಬ್ರೆಡ್ಡು ಬಾಳೆಹಣ್ಣಿಗೆ ಹೊಟ್ಟೆ ಉಬ್ಬರಿಸಿಕೊಂಡು ತಮಟೆ ಥರ ಆಗಿತ್ತು. ಅತ್ತೆ ಅವನ ಹೊಟ್ಟೆ ನೋಡಿದಳು, ಕಿಟಕಿಯಿಂದ ಪಂಪು ನೋಡಿದಳು, ಆಮೇಲೆ ಆರಿದ ಒಲೆ ನೋಡಿದಳು.

"ರೀ, ಅವಳಿಗೂ ಗ್ಯಾಸು ತುಂಬ್ಕೊಂಡಿದೆ ಕಣ್ರೀ."

"ತಮಾಷೆ ಮಾಡ್ಬೇಡ್ವೇ."

"ತಮಾಷೆ ಅಲ್ಲ. ಮೂವತ್ತು ವರ್ಷದಿಂದ ನಾವು ಹನ್ನೊಂದು ಮನೆಯವರು ಅವಳ ಗ್ಯಾಸು ಎಳ್ಕೊಂಡು ಸುಡ್ತಾ ಬಂದ್ವಿ. ಈಗ ಎರಡು ದಿನದಿಂದ ಬಾಯಿ ಕಟ್ಟಿ ಕೂರ್ಸಿದೀವಿ. ಹೊಟ್ಟೆ ತುಂಬ ಗಾಳಿ ಇಟ್ಕೊಂಡು ನಿಮ್ಮ ಕೈಲಿ ಒಂದು ತುತ್ತು ಇಳಿಸೋಕೆ ಆಗ್ತಿಲ್ಲ. ಅವಳೊಳಗೆ ಎಣ್ಣೆ ಹೇಗೆ ಬರ್ಬೇಕು?"

ಕೋಲುಮಾವನ ತಲೆಗೆ ಒಂದು ಅಭ್ಯಾಸ ಇತ್ತು. ಹಳೇ ದಿನಗಳೆಲ್ಲ ಅವನಿಗೆ ಪೀಪಾಯಿ ಲೆಕ್ಕದಲ್ಲೇ ನೆನಪು. ಅತ್ತೆಗೆ ಅದೇ ದಿನಗಳು ಅಡುಗೆ ಲೆಕ್ಕದಲ್ಲಿ ನೆನಪು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ಇಬ್ಬರ ನೆನಪನ್ನ ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ.

"ತಡಿ" ಅಂದ. "ಹೋದ ವರ್ಷ ಚಳಿಗಾಲದಲ್ಲಿ ಒಂದಿನ ಆರು ಬಂತು."

"ನಿಮ್ಮ ಅಕ್ಕನ ಮೊಮ್ಮಗು ಹುಟ್ಟಿದ್ದು. ಎಂಟು ಮನೆ ಒಲೆಯಲ್ಲಿ ಬಿಸಿನೀರು."

"ಅದಕ್ಕೂ ಹಿಂದಿನ ವರ್ಷ ಆರೂವರೆ."

"ಎರಡನೇ ಮನೆಯವರ ನೆಂಟರು ಬಸ್ಸು ಮಾಡ್ಕೊಂಡು ಬಂದಿದ್ರಲ್ಲ, ಬೇಡ ಅಂದ್ರೂ."

"ಏಳು? ಏಳು ಒಂದೇ ಒಂದು ಸಲ."

"ಟೀಚರಮ್ಮನ ಮಗಳ ಮದುವೆ. ಹನ್ನೊಂದು ಒಲೆಯ ಮೇಲೂ ಹಂಡೆ."

"ಮೂರು ಬಂದಿತ್ತು ಒಂದಿನ, ನಾನು ಅತ್ತಿದ್ದೆ."

"ನಾನೂ ಅತ್ತಿದ್ದೆ. ಹತ್ತನೇ ಮನೆಯ ತಾತ ಹೋದ ದಿನ. ಯಾರ ಮನೇಲೂ ಒಲೆ ಹಚ್ಚಲಿಲ್ಲ."

ಕೋಲುಮಾವ ಎದ್ದು ನಿಂತ. ಮೂವತ್ತೆಂಟು ವರ್ಷ ಬಾವಿಗೆ ಕಿವಿಯಿಟ್ಟು ಕೇಳಿದ್ದೆ, ಅಡುಗೆಮನೆಗೆ ಕಿವಿಯಿಡಲಿಲ್ಲ ಅಂತ ಅವನಿಗೆ ಅನ್ನಿಸಿತೋ ಏನೋ. ಗಂಡಸರು ಅದನ್ನೆಲ್ಲ ಹೇಳ್ತಾರಾ? ಬ್ರೆಡ್ಡಿನ ತಟ್ಟೆ ತಗೊಂಡು ಎಲ್ಲ ತಿಂದ, ಅಷ್ಟೇ.

ಮದುವೆಗೆ ಏಳು. ಎಂಟಕ್ಕೆ ಮದುವೆಗಿಂತ ದೊಡ್ಡ ಅಡುಗೆ ಆಗ್ಬೇಕು.

ಮೂರನೇ ದಿನ ಬೆಳಗ್ಗೆ ಆರಕ್ಕೆ ಮುದುಕಿ ತಲೆ ಎತ್ತಿದ್ದೂ, ಭಾವ ಮುಖ ಹುಳ್ಳಗೆ ಮಾಡ್ಕೊಂಡು ಗಲ್ಲಿಯ ನಲ್ಲಿ ತೆರೆದಿದ್ದೂ ಒಂದೇ ಹೊತ್ತಿಗೆ. "ಸಿಕ್ಕಿಬಿದ್ರೆ ನಾನಲ್ಲ" ಅಂತ ಮೂರು ಸಲ ಹೇಳಿದ. ಹನ್ನೊಂದು ಒಲೆಯೂ ಭಗ್ಗಂತ ಹತ್ತಿದವು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಯಲ್ಲಿ ನಿಂತು ಅಪ್ಪಣೆ ಕೊಟ್ಟಳು. "ಯಾರೂ ಉರಿ ಸಣ್ಣ ಮಾಡ್ಬಾರ್ದು. ಏನು ಸಿಗುತ್ತೋ ಅದನ್ನ ಬೇಯ್ಸಿ!"

ಬೇಳೆ ಬೇಯಿಸಿದ್ರು. ಆಲೂಗಡ್ಡೆ ಬೇಯಿಸಿದ್ರು. ಕುಂಬಳಕಾಯಿ, ಮೊಟ್ಟೆ, ಕಡಲೆ, ಅಟ್ಟದ ಮೇಲೆ ಯಾರೂ ಕೇಳದೇ ಬಿದ್ದಿದ್ದ ಗೆಣಸು. ಹತ್ತು ಗಂಟೆಗೆ ಕೋಲು ಇಳಿಸಿದ್ರೆ ಮೂರು ಪೀಪಾಯಿ. ಗುಡುಗುಡು ಹೋಗಿ ಟಕ್ ಟಕ್ ಬಂದಿತ್ತು. ಕೋಲುಮಾವ ಏಣಿಯ ಮೇಲಿಂದ ಹೆಂಡತಿಗೆ ಮೂರು ಬೆರಳು ತೋರಿಸಿದ. ಅವಳು ಸೌಟು ಎತ್ತಿ ತೋರಿಸಿದಳು.

ಒಂದು ಗಂಟೆಗೆ ಐದು. ಅಷ್ಟೊತ್ತಿಗೆ ಗಲ್ಲಿಯಲ್ಲಿ ಬೇಯಿಸೋ ಪದಾರ್ಥ ಮುಗೀತು. ಬಟ್ಟೆ ಬೇಯಿಸೋಕೆ ಶುರು ಮಾಡಿದ್ರು. ಪೈಪು ಮುಚ್ಚೋಕೆ ಹಾಕಿದ್ದ ಸೀರೆ ಹೊದಿಕೆಗಳೇ ಹಂಡೆಗೆ ಬಿದ್ದವು. ಅವಸರದಲ್ಲಿ ಪೈಪು ಬೆತ್ತಲಾಗಿದ್ದು ಯಾರಿಗೂ ಹೊಳೀಲಿಲ್ಲ. ಭಾವನ ಖಾಕಿ ಅಂಗಿ ಬೇಯಿಸಿದ್ರು, ಅದರಿಂದ ಬಂದ ಗ್ರೀಸಿನಲ್ಲಿ ಲಾರಿಯ ಎರಡು ಚಕ್ರಕ್ಕೆ ಬಳೀಬಹುದಿತ್ತು. ಟೀಚರಮ್ಮ ಏನೂ ಸಿಗದೇ ಒಂದು ಪಾತ್ರೆಯಲ್ಲಿ ಕಲ್ಲು ಹಾಕಿ ಕುದಿಸ್ತಾ ಕೂತಿದ್ರು. ಗಲ್ಲಿಯ ಮೇಲೆ ಆವಿ ಎಷ್ಟು ಏರ್ತು ಅಂದ್ರೆ, ಅಲ್ಲೇ ಒಂದು ಮೋಡ ಕಟ್ಟಿ, ಹನ್ನೊಂದು ಮನೆಗೆ ಮಾತ್ರ ಅಳೆದ ಹಾಗೆ ನಾಲ್ಕು ಹನಿ ಉದುರಿಸ್ತು. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಹತ್ತನೇ ಮನೆಯ ಹಂಚು ಇನ್ನೂ ಆ ಒದ್ದೆ ಮರೆತಿಲ್ಲ.

ಐದು ಗಂಟೆಗೆ ಏಳೂಕಾಲು. ಇನ್ನು ಮುಕ್ಕಾಲು ಪೀಪಾಯಿ, ಒಂದು ಗಂಟೆ.

ಇತ್ತ ಮೇಡಂ ಪರಿಸ್ಥಿತಿ ಕೇಳಿ. ಮೂರು ದಿನದಿಂದ ಬಿಸ್ಕತ್ತು. ಮೂಗಿಗೆ ಹನ್ನೊಂದು ಮನೆಯ ಒಗ್ಗರಣೆ. ಐದೂಕಾಲಿಗೆ ತಡೆಯೋಕಾಗದೇ ಎದ್ದರು. ಕಾಲು ತಾನಾಗೇ ಗಲ್ಲಿಗೆ ಹೋಯ್ತು, ಹೆಲ್ಮೆಟ್ಟು ಒಂದು ಹೆಜ್ಜೆ ಹಿಂದೆ. ಗಲ್ಲಿಯ ಬಾಯಲ್ಲಿ ಅವರಿಗೆ ಕಂಡಿದ್ದು ಬಾವಿಯಿಂದ ಸೀದಾ ಮನೆಗಳಿಗೆ ಹೋಗೋ ಬೆತ್ತಲೆ ಪೈಪು.

"ಇದೇನಿದು?"

ನಲ್ಲಿಯ ಪಕ್ಕ ನಿಂತಿದ್ದ ಟ್ಯಾಂಕರ್ ಭಾವ ಏನೂ ತೋಚದೇ ಚಕ್ರ ಹಿಡಿದು ಗರಗರ ತಿರುಗಿಸಿಬಿಟ್ಟ. ಹನ್ನೊಂದು ಒಲೆಯೂ ಪುಸ್ಸಂತ ಆರಿದವು. "ನೀರಿನ ಪೈಪು ಮೇಡಂ" ಅಂದ.

ಮೇಡಂ ಪೈಪಿಗೆ ಬೆರಳಲ್ಲಿ ತಟ್ಟಿ ನೋಡಿದ್ರು, ಟಣ್ ಅಂತು. "ನೀರಿನ ಪೈಪಾ?"

ಟ್ಯಾಂಕಿನ ಏಣಿ ಮೇಲಿದ್ದ ಕೋಲುಮಾವನಿಗೆ ಎಲ್ಲ ಕಾಣ್ತಿತ್ತು. ಕೈಯಲ್ಲಿದ್ದ ಕೋಲು ಕೆಳಗಿನ ಕೊಳವೆಗೆ ತಾಗಿತ್ತು. ಟಕ್ ಟಕ್ ನಿಧಾನಕ್ಕೆ ಗುಳುಗುಳುಗೆ ತಿರುಗ್ತಾ ಇರೋದು ಕೋಲಿನಲ್ಲೇ ಅಂಗೈಗೆ ಬಂತು. ಸುಮ್ಮನಿದ್ರೆ ಭಾವನ ನೀರಿನ ಪೈಪಿನ ಮಾತು ನಡೆದ್ರೂ ನಡೀಬಹುದು, ಗಲ್ಲಿ ಬಚಾವಾಗಬಹುದು. ಮುದುಕಿ ಮಾತ್ರ ಉಳಿಯಲ್ಲ. ಮುದುಕಿ ಉಳೀದೇ ಇದ್ರೆ ಗಲ್ಲಿ ಇರುತ್ತಾ?

"ಭಾವಾ! ತೆರೀರಿ ನಲ್ಲೀನ!" ಅಂತ ಕಿರುಚಿದ.

"ಸುಮ್ನಿರೋ ಬಾಮೈದ, ನೀರು ಬರುತ್ತೆ!"

"ಯಾವ ನೀರೂ ಇಲ್ಲ! ಗ್ಯಾಸದು! ಮೇಡಂ, ಅದು ಗ್ಯಾಸು, ಬಾವೀದೇ, ನಾವೇ ಎಳೆದಿದ್ದು, ಆಮೇಲೆ ನೀವು ಯಾವ ಜೈಲಿಗೆ ಹೇಳ್ತೀರೋ ಅಲ್ಲಿಗೆ ಬರ್ತೀನಿ. ಈಗ ಮೊದಲು ಬಂದು ಇದನ್ನ ಕೇಳಿ!"

ಏಣಿ ಇಳಿದು ಓಡಿದ, ಮೇಡಂ ಕೈಗೆ ಕೋಲು ಕೊಟ್ಟ, ಹೆಲ್ಮೆಟ್ಟು ತಾನೇ ತೆಗೆದು ಪಕ್ಕಕ್ಕಿಟ್ಟ. ಒಂದು ತುದಿ ಕೊಳವೆಗೆ, ಇನ್ನೊಂದು ಅವರ ಕಿವಿಗೆ. "ಏನು ಕೇಳ್ಸುತ್ತೆ ತಾಯಿ?"

"ಗುಳುಗುಳು ಅಂತಿದೆ."

"ಅದು ಹೊಟ್ಟೆ ಉಬ್ಬರ. ಈಗ ಕೇಳ್ತಾ ಇರಿ. ಏಯ್, ಹಚ್ಚೇ ಒಲೆ!"

ಅತ್ತೆಯೇ ಭಾವನನ್ನ ಪಕ್ಕಕ್ಕೆ ತಳ್ಳಿ ಚಕ್ರ ತಿರುಗಿಸಿದಳು. ಒಂದೊಂದೇ ಮನೆಯಲ್ಲಿ ಭಗ್ಗ, ಭಗ್ಗ. ಮೇಡಂ ಕಣ್ಣು ಮುಚ್ಚಿ ಕೇಳ್ತಾ ನಿಂತಿದ್ರು. ಗುಳುಗುಳು ತೆಳ್ಳಗಾಯ್ತು. ಮಧ್ಯೆ ಒಂದು ಟಕ್. ಇನ್ನೊಂದು ಟಕ್. ಆಮೇಲೆ ಟಕ್ ಟಕ್ ಟಕ್. ಅವರ ಹುಬ್ಬು ಮೇಲೇರ್ತು. ಕಾಲೇಜಿನಲ್ಲಿ ಇದನ್ನ ಅವರಿಗೆ ಕಪ್ಪು ಹಲಗೆ ಮೇಲೆ ಕಲಿಸಿದ್ರು, ಸಂದಿಯ ಗ್ಯಾಸು ಹೊರಗೆ ಹೋದ್ರೆ ಒಳಗಿನ ಎಣ್ಣೆಗೆ ದಾರಿ ಅಂತ. ಕಿವಿಯಲ್ಲಿ ಕೇಳಿದ್ದು ಇದೇ ಮೊದಲು.

ಆರು ಗಂಟೆಗೆ ಕೋಲು ಇಳಿಸಿದಾಗ ಗಲ್ಲಿಯೆಲ್ಲ ಟ್ಯಾಂಕಿನ ಸುತ್ತ. ಕೋಲುಮಾವನ ಅವಸರಕ್ಕೆ ಒಂದು ಸಲ ಕೋಲು ಸರಿಯಾಗಿ ಇಳೀಲಿಲ್ಲ. ಎರಡನೇ ಸಲ ಎತ್ತಿ ಬೆಳಕಿಗೆ ಹಿಡಿದ. ಮೂವತ್ತೆರಡು ಗೀರು. ಎಂಟು ಪೀಪಾಯಿ. ಮೂವತ್ತೆರಡನೇ ಗೀರಿನ ಮೇಲೆ ಒಂದು ಹನಿ ನಿಂತಿತ್ತು, ಬೀಳಲಾ ಬೇಡವಾ ಅಂತ.

"ಮೆಷಿನ್ನಿನಲ್ಲಿ ಏಳು ಪಾಯಿಂಟು ಒಂಬತ್ತು ಒಂಬತ್ತು" ಅಂದ್ರು ಮೇಡಂ.

ಹನ್ನೊಂದು ಮನೆಯ ಮುಖಗಳೂ ಕೋಲಿನಿಂದ ಮೆಷಿನ್ನಿನ ಕಡೆ ತಿರುಗಿದವು.

"ಕೋಲಿನ ಲೆಕ್ಕ ತಗೊಳ್ಳೋಣ" ಅಂದ್ರು. "ಅದಕ್ಕೆ ಸರ್ವಿಸ್ ಜಾಸ್ತಿ."

ಆಮೇಲೆ ಅತ್ತೆಯ ಅಡುಗೆಮನೆಯಲ್ಲಿ ಮಣೆ ಮೇಲೆ ಕೂತು, ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಫಾರಂ ತುಂಬಿದ್ರು. ಅದರಲ್ಲಿ ಒಂದು ಕಾಲಂ ಇತ್ತು: ಉತ್ಪಾದನೆ ಹೆಚ್ಚಿಸಲು ಬಳಸಿದ ಸಾಧನ. ಮೇಡಂ ಸ್ವಲ್ಪ ಹೊತ್ತು ಅಗೀತಾ ಯೋಚಿಸಿ, "ಒಲೆ, ಹನ್ನೊಂದು" ಅಂತ ಬರೆದ್ರು. ವಿಧಾನ ಅನ್ನೋ ಕಡೆ "ಅಡುಗೆ".

"ಗ್ಯಾಸು ವ್ಯರ್ಥ ಮಾಡಿದ್ದಕ್ಕೆ ಶಿಕ್ಷೆ ಅಂತ ಇತ್ತಲ್ಲ ಮೇಡಂ?" ಅಂದ ಭಾವ. ಯಾರೂ ಕೇಳಿರಲಿಲ್ಲ ಅವನನ್ನ.

"ಇದು ವ್ಯರ್ಥವಾ?" ಅಂತ ಮೇಡಂ ತಟ್ಟೆ ಮುಂದೆ ಮಾಡಿ ಇನ್ನೊಂದು ಸೌಟು ಹಾಕಿಸಿಕೊಂಡ್ರು. ಆಮೇಲೆ ಹಂಡೆಯಲ್ಲಿದ್ದ ಖಾಕಿ ಅಂಗಿ ನೋಡಿ, "ಅದನ್ನ ಮಾತ್ರ ನಾನು ನೋಡ್ಲಿಲ್ಲ" ಅಂದ್ರು.

ಒಂದೂವರೆ ತಿಂಗಳಾದ ಮೇಲೆ ಆದೇಶ ಬಂತು. ಟೀಚರಮ್ಮ ಒಗೆಯೋ ಕಲ್ಲು ಹತ್ತಿದ್ರು. ಒಂಬತ್ತನೇ ನಂಬರಿನ ಬಾವಿಯನ್ನ ಮುಚ್ಚುವುದಿಲ್ಲ. ಗಲ್ಲಿಯೆಲ್ಲ ಹೋ ಅಂತು. ಕೋಲುಮಾವ ಹಿಂದಕ್ಕೆ ತಿರುಗಿ ಪಂಪಿನ ಕಡೆ ನೋಡಿದ. ಅದು ಹೂಂ ಅಂತಿತ್ತು.

"ಗಲಾಟೆ ನಿಲ್ಸಿ, ಇನ್ನೂ ಇದೆ" ಅಂದ್ರು ಟೀಚರಮ್ಮ. "ಸದರಿ ಹನ್ನೊಂದು ಒಲೆಗಳನ್ನು ಇಲಾಖೆಯ ಉತ್ಪಾದನಾ ಸಾಧನಗಳೆಂದು ನೋಂದಾಯಿಸಲಾಗಿದೆ. ಪ್ರತಿ ಒಲೆಗೂ ನಂಬರಿನ ತಗಡು ಹೊಡೆಯತಕ್ಕದ್ದು." ಇಲ್ಲಿ ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನ ಒಂದು ಸಲ ಮನಸ್ಸಲ್ಲೇ ಓದಿಕೊಂಡ್ರು. ಆಮೇಲೆ ಭಾರೀ ಖುಷಿಯಿಂದ ಜೋರಾಗಿ ಓದಿದ್ರು. "ಇಲಾಖೆಯ ಸಾಧನಗಳನ್ನು ಇಲಾಖೆಯ ಖಾಯಂ ಸಿಬ್ಬಂದಿ ಮಾತ್ರ ನಡೆಸತಕ್ಕದ್ದು. ಬೇರೆಯವರು ಮುಟ್ಟುವಂತಿಲ್ಲ."

ಗಲ್ಲಿ ಒಂದು ಕ್ಷಣ ಲೆಕ್ಕ ಹಾಕಿತು. ಆಮೇಲೆ ಹನ್ನೊಂದು ಮನೆಯ ಹೆಂಗಸರೂ ಒಟ್ಟಿಗೆ ತಿರುಗಿ ಕೋಲುಮಾವನನ್ನ ನೋಡಿದ್ರು.

"ಅಂದ್ರೆ?" ಅಂದ ಅವನು.

"ಅಂದ್ರೆ ಇದು" ಅಂತ ಅತ್ತೆ ಸೊಂಟಕ್ಕೆ ಸಿಕ್ಕಿಸಿದ್ದ ಸೌಟು ತೆಗೆದು ಅವನ ಕೈಗಿಟ್ಟಳು. "ಸರ್ಕಾರದ ಮಾತು ಮೀರೋಕಾಗುತ್ತಾ?"

ಈಗ ಬೆಳಗ್ಗೆ ಆರಕ್ಕೆ ಮುದುಕಿ ತಲೆ ಎತ್ತಿದ ಕೂಡಲೇ ಕೋಲುಮಾವ ಸಾಧನ ನಂಬರು ಒಂದರಿಂದ ಶುರು ಮಾಡಿ ಹನ್ನೊಂದರವರೆಗೆ ಮನೆ ಮನೆಗೆ ಹೋಗಿ ಒಲೆ ಹಚ್ಚಿ ಬರ್ತಾನೆ. ಮೂರನೇ ಮನೆಯಲ್ಲಿ ಭಾವ ಕಾಲು ಚಾಚಿ ಕೂತು "ಉರಿ ಸ್ವಲ್ಪ ಜಾಸ್ತಿ ಮಾಡೋ ಬಾಮೈದ, ದೇಶಕ್ಕೋಸ್ಕರ" ಅಂತಾನೆ. ತನ್ನ ಮನೆಯಲ್ಲಿ ಬೇಳೆ ಇಟ್ಟು, ಬೆಂತಾ ಅಂತ ನೋಡೋಕೆ ಕೋಲೇ ಇಳಿಸ್ತಾನೆ. ಮೊದಲ ವಾರ ಅವನು ಮಾಡಿದ್ದನ್ನ ಬೆಕ್ಕೂ ಅಳೆದು ನೋಡಿ ಬಿಟ್ಟು ಹೋಯ್ತು. ಈಗ ಪರವಾಗಿಲ್ಲ, ಉಪ್ಪು ಮಾತ್ರ ಒಂದು ಗೀರು ಜಾಸ್ತಿ.

ಆ ಹೊತ್ತಲ್ಲಿ ಅತ್ತೆ ಎಲ್ಲಿರ್ತಾಳೆ ಅಂತೀರಾ? ಬಾವಿಯ ಕಟ್ಟೆ ಮೇಲೆ ಟೀ ಲೋಟ ಹಿಡಿದು ಕೂತಿರ್ತಾಳೆ. ಕೋಲು ಗಂಡನ ಹತ್ರ ಇರೋದ್ರಿಂದ ಲಟ್ಟಣಿಗೆಯ ಒಂದು ತುದಿ ಕೊಳವೆಗೆ, ಇನ್ನೊಂದು ತುದಿ ಕಿವಿಗೆ.

"ರೀ!" ಅಂತ ಕೂಗ್ತಾಳೆ. "ಐದನೇ ಮನೆಯವರದ್ದು ಆರಿಹೋಗಿರ್ಬೇಕು, ಹೋಗಿ ನೋಡಿ. ಇವಳು ಹೇಳ್ತಿದಾಳೆ."

ಅವನು ಸೌಟು ಹಿಡ್ಕೊಂಡು ಓಡಿ ಹೋಗಿ ನೋಡಿದ್ರೆ, ಆರಿಹೋಗಿರುತ್ತೆ.